ಹಸಿರು ದಾರದ ಚಾರ್ಜರ್

ಮಹಾದೇವಿ ಕಟ್ಟಿದ ಹಸಿರು ದಾರವನ್ನು ಬಿಚ್ಚಿ ಬೇರೆ ಚಾರ್ಜರಿಗೆ ಕಟ್ಟಿದವಳು ನಾನು. ಬ್ಯಾಟರಿ ಸುಟ್ಟಿತು. ನನ್ನ ಸೊಸೆಯ ಕೈ ಸುಟ್ಟಿತು. ಹೆಸರು ಮಾತ್ರ ಮಹಾದೇವಿಯದು ಕೆಟ್ಟಿತು. ಆರು ವರ್ಷ ನಾನು ಬಾಯಿ ಬಿಡಲಿಲ್ಲ.

ಇದನ್ನು ಮೊದಲೇ ಬರೆದಿದ್ದೇನೆ. ಕಡೆಗೆ ಹೇಳೋಣ ಅಂತ ಇಟ್ಟರೆ ನಡುವೆ ಎಲ್ಲೋ ನಾನು ಒಳ್ಳೆಯವಳಾಗಿಬಿಡುತ್ತೇನೆ — ನನಗೆ ನನ್ನ ಗುಣ ಗೊತ್ತು.

ನನ್ನ ಹೆಸರು ಗುರವ್ವ. ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು. ಯಾದಗಿರಿ ಕಡೆಯಿಂದ ಗಂಡನ ಸಂಗಡ ಪುಣೆಗೆ ಇಟ್ಟಂಗಿ ಹೊರಲು ಬಂದೆ. ಅವನು ತೀರಿಹೋದ, ಇಟ್ಟಂಗಿ ಬಿಟ್ಟೆ, ರೊಟ್ಟಿ ಹಿಡಿದೆ. ಹಡಪಸರದ ಎರಡು ಖೋಲಿಯ ಮನೆಯಲ್ಲಿ ನಾನು, ಸೊಸೆ ರೇಣುಕಾ ನಸುಕಿನಿಂದ ಜೋಳದ ರೊಟ್ಟಿ ಬಡಿಯುತ್ತೇವೆ. ಮಗ ಮಲ್ಲೇಶಿ ಅವನ್ನು ಬ್ಯಾಟರಿ ಸ್ಕೂಟರಿನ ಮೇಲೆ ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಮುಟ್ಟಿಸುತ್ತಾನೆ. ಮಧ್ಯಾಹ್ನ ಬಂದವನೇ ಬ್ಯಾಟರಿಯನ್ನು ಸ್ಕೂಟರಿನಿಂದ ಎತ್ತಿ ಮನೆಯೊಳಗೆ ತಂದು ಚಾರ್ಜಿಗೆ ಹಾಕುತ್ತಾನೆ. ಆಗಲೂ ಹಾಗೇ, ಈಗಲೂ ಹಾಗೇ.

ಮಹಾದೇವಿ ನಮ್ಮ ಗಲ್ಲಿಯವಳು, ರೇಣುಕಾನ ವಯಸ್ಸಿನವಳು. ಬ್ಯಾಟರಿ ಜೋಡಿಸುವ ಕಾರ್ಖಾನೆಯಲ್ಲಿ ಐದು ವರ್ಷ ಸಾಲಿನಲ್ಲಿ ನಿಂತು ದುಡಿದವಳು. ಗುತ್ತಿಗೆ ಮುಗಿಸಿ ಮನೆಗೆ ಕಳಿಸಿದಾಗ ಅತ್ತುಕೊಂಡು ಕೂಡಲಿಲ್ಲ. ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು ಗಲ್ಲಿಯ ಬ್ಯಾಟರಿಗಳನ್ನು ನೋಡತೊಡಗಿದಳು. ಗಿರಾಕಿಗಳು ಅಂದರೆ ನಮ್ಮಂಥವರೇ — ಕಾಯಿಪಲ್ಯ ಮಾರುವವರು, ರೊಟ್ಟಿಯವರು, ಓದು ಅಷ್ಟಕ್ಕಷ್ಟೇ ಆದವರು. ಅದಕ್ಕೇ ಆಕೆ ಒಂದು ಪದ್ಧತಿ ಮಾಡಿದ್ದಳು. ಈ ಬ್ಯಾಟರಿಗೆ ಈ ಚಾರ್ಜರ್ ಸರಿ ಅಂತ ತನ್ನ ಮೀಟರ್ ಹಚ್ಚಿ ನೋಡಿದ ಮೇಲೆ ಎರಡಕ್ಕೂ ಒಂದೇ ಬಣ್ಣದ ದಾರ ಕಟ್ಟುತ್ತಿದ್ದಳು. ಕೆಂಪಿಗೆ ಕೆಂಪು, ಹಳದಿಗೆ ಹಳದಿ. ನಮ್ಮದು ಹಸಿರು. ಅಕ್ಷರ ಬೇಡ, ಕಣ್ಣಿದ್ದರೆ ಸಾಕು.

ನಮ್ಮ ಚಾರ್ಜರನ್ನು ಆಕೆಯೇ ಆರಿಸಿ ಕೊಡಿಸಿದ್ದು. ಕಂಪನಿಯದು ಭಾರಿ ದುಬಾರಿ, ಬೇಡ ಅಂದಳು. ಅಗ್ಗದ್ದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಒಳಗೆ ಏನೂ ಇಲ್ಲ ಇದರಾಗ, ಅಂತ ಇಟ್ಟಳು. ನಡುವಿನದೊಂದನ್ನು ಎತ್ತಿ ಅದರ ಬೆನ್ನ ಮೇಲಿನ ಬರಹ ಬೆರಳಿಟ್ಟು ತೋರಿಸಿದಳು.

"ಅತ್ತಿ, ನಲವತ್ತೆಂಟು ವೋಲ್ಟ್ ಅನ್ನೋದು ಎಲ್ಲಾದರ ಮ್ಯಾಲೂ ಇರ್ತದ. ಅದನ್ನ ನೋಡಿ ಮೋಸ ಹೋಗಬ್ಯಾಡ್ರಿ. ಹೊರಗ ಎಷ್ಟು ಕೊಡ್ತದ, ಅದು ನೋಡ್ರಿ. ನಿಮ್ಮ ಬ್ಯಾಟರಿಗಿ ಐವತ್ನಾಲ್ಕು ಚುಕ್ಕಿ ಆರು. ಅದಕ್ಕ ಮ್ಯಾಲ ಹೋಗಂಗಿಲ್ಲ. ಮತ್ತ ಲಿಥಿಯಂ ಅಂತ ಬರೆದಿರಬೇಕು."

"ಚಾರ್ಜರಿಗೂ ಜಾತಕ ನೋಡ್ತಿ ಏನವ್ವ," ಅಂದೆ.

"ನೋಡಬೇಕ್ರಿ. ದಿನಾ ಮನ್ಯಾಗ ಕೂಡಿ ಇರೋವು ಇವು ಎರಡು. ಜಗಳ ಆದ್ರ ಮನಿ ಸುಡತದ."

"ಪಿನ್ ಕೂಡತದಲ್ಲ, ಇನ್ನೇನು."

"ಪಿನ್ ಎಲ್ಲಾದಕ್ಕೂ ಕೂಡತದ್ರಿ. ಹಳೀ ಆಸಿಡ್ ಬ್ಯಾಟರಿ ಚಾರ್ಜರೂ ಇದಕ್ಕ ಕೂಡತದ. ಅದು ಐವತ್ತೊಂಬತ್ತರ ತನಕ ತುಂಬ್ತದ. ಬ್ಯಾಟರಿ ಒಳಗ ಒಬ್ಬ ಕಾವಲುಗಾರ ಇರ್ತಾನ, ತಡಿತಾನ. ಆದ್ರ ದಿನಾ ಕಳ್ಳನ್ನ ಕಳಿಸಿದ್ರ ಅವನೂ ಒಂದಿನ ಮಲಗತಾನ."

ಇಷ್ಟೂ ಹೇಳಿದ್ದಳು. ನಾನು ಕೇಳಿದ್ದೆ. ತಿಳಿಯದೆ ಮಾಡಿದೆ ಅನ್ನುವ ದಾರಿ ನನಗಿಲ್ಲ.

ಆ ವರ್ಷ ಥಂಡಿ ಜೋರಿತ್ತು. ರೊಟ್ಟಿಯ ಜೊತೆ ಸಂಜೆ ಮೊಸರೂ ಮಾರುತ್ತಿದ್ದೆವು, ಮೊಸರು ಹೆಪ್ಪುಗಟ್ಟುತ್ತಿರಲಿಲ್ಲ. ಒಂದು ದಿನ ಚಾರ್ಜರ್ ಮುಟ್ಟಿದೆ — ಜ್ವರ ಬಂದ ಕೂಸಿನ ಮೈ ಇದ್ದ ಹಾಗಿತ್ತು. ಸುಮ್ಮನೆ ಯಾಕೆ ಹಾಳಾಗಬೇಕು ಈ ಕಾವು ಅಂತ ಅದರ ಮೇಲೆ ಹಾಲಿನ ಪಾತೇಲಿ ಇಟ್ಟು ಕೌದಿ ಸುತ್ತಿದೆ. ಸಂಜೆಗೆ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. ದಿನಾ ಅದೇ ನಡೆಸಿದೆ. ಕಂಡ ಹೆಂಗಸರೆಲ್ಲ, ಭಾಳ ಶಾಣ್ಯಾಕಿ ಗುರವ್ವ, ಅಂದರು.

ಮಹಾದೇವಿ ಕಂಡ ದಿನ ನಗಲಿಲ್ಲ. "ಅತ್ತಿ, ಅದಕ್ಕ ಗಾಳಿ ಬೇಕ್ರಿ. ಕೌದಿ ತಗೀರಿ."

"ನೀ ಬ್ಯಾಟರಿ ನೋಡ್ಕೊ. ಮೊಸರು ನನಗ ಬಿಡು."

ನಾಲ್ಕು ಮಂದಿ ಕೂತಿದ್ದರು, ನಕ್ಕರು. ಆಕೆ ಎದ್ದು ಹೋದಳು. ವಾರ ಕಳೆಯುವುದರೊಳಗೆ ಚಾರ್ಜರಿನ ದೀಪ ಹತ್ತುವುದು ನಿಂತಿತು.

ಆಗ ನಾನು ಮಾಡಬೇಕಾಗಿದ್ದು ಒಂದೇ. ಇಪ್ಪತ್ತು ಹೆಜ್ಜೆ ನಡೆದು ಆ ಮೆಟ್ಟಿಲ ಕೆಳಗೆ ಹೋಗಿ, ನೀ ಹೇಳಿದ್ದೇ ಖರೆ ಆತು, ಇನ್ನೊಂದು ಆರಿಸಿ ಕೊಡು — ಅನ್ನುವುದು. ಹೋಗಲಿಲ್ಲ. ನಕ್ಕ ನಾಲ್ಕು ಮಂದಿ ಕಣ್ಣ ಮುಂದೆ ಬಂದರು. ಮಗನಿಗೆ, ಚಾರ್ಜರ್ ನಾನೇ ಹಾಕ್ತೀನಿ ಬಿಡು, ಅಂದು ಮರುದಿನ ಬಸ್ಸು ಹಿಡಿದು ಕ್ಯಾಂಪಿನ ಪೇಟೆಗೆ ಹೋದೆ.

ಅಂಗಡಿಯವನು ತಪ್ಪು ಮಾಡಲಿಲ್ಲ. ಲಿಥಿಯಂದು ಬೇಕೋ ಆಸಿಡ್‌ದು ಬೇಕೋ ಅಂತ ಮರಾಠಿಯಲ್ಲಿ ಕೇಳಿದ. ಯಾವುದಾದರೂ ಕೊಡು, ಪಿನ್ ಕೂಡಿದರೆ ಆಯಿತು, ಅಂದೆ. ಅವನು ಎರಡನ್ನೂ ಮುಂದಿಟ್ಟ. ಎರಡರ ಮೇಲೂ ನಲವತ್ತೆಂಟು ಇತ್ತು. ಸಸ್ತಾ ಇದ್ದದ್ದನ್ನು ಎತ್ತಿಕೊಂಡೆ. ತಿರುಗಿಸಿ ಬೆನ್ನು ನೋಡಲಿಲ್ಲ. ಅಂಕಿ ನನಗೆ ಓದಲು ಬರುತ್ತದೆ.

ಮನೆಗೆ ಬಂದು ಹಳೆಯದರ ಹಸಿರು ದಾರ ಬಿಚ್ಚಿ ಹೊಸದಕ್ಕೆ ಕಟ್ಟಿದೆ, ಮಗನಿಗೆ ತಿಳಿಯಬಾರದು ಅಂತ. ಎರಡೂ ಕರಿ ಡಬ್ಬಿಗಳೇ, ದಾರವೇ ಗುರುತು. ಮಹಾದೇವಿಯ ಗಂಟು ನನಗೆ ಬರಲಿಲ್ಲ. ಆಕೆ ಎರಡು ಸುತ್ತು ಸುತ್ತಿ ತುದಿ ಒಳಗೆ ಎಳೆದು ಕಟ್ಟುತ್ತಿದ್ದಳು, ಕಾರ್ಖಾನೆಯಲ್ಲಿ ತಂತಿ ಕಟ್ಟುವ ಹಾಗೆ. ನಾನು ರೊಟ್ಟಿಯ ಬುತ್ತಿಗೆ ಹಾಕುವ ಗಂಟು ಹಾಕಿದೆ. ಸತ್ತ ಚಾರ್ಜರನ್ನು ಗುಜರಿಯವನಿಗೆ ಕೊಟ್ಟೆ.

ಹದಿನೈದು ದಿನ ಏನೂ ಆಗಲಿಲ್ಲ. ಹೊಸದರ ಮೇಲೆ ಮೊಸರು ಇಡಲಿಲ್ಲ — ಅಷ್ಟು ಬುದ್ಧಿ ಬಂದಿತ್ತು, ಬೇಡದ ಜಾಗದಲ್ಲಿ. ಮಲ್ಲೇಶಿ, ಯವ್ವಾ ಈಗ ಸ್ಕೂಟರ್ ಭಾಳ ಛಲೋ ಓಡ್ತದ, ಅಂದ. ನಾನು ಒಳಗೊಳಗೇ ಗೆದ್ದೆ.

ಹದಿನಾರನೆಯದೋ ಹದಿನೇಳನೆಯದೋ ದಿನ, ಮಧ್ಯಾಹ್ನ. ಮೊಮ್ಮಗಳು ಭಾಗ್ಯಾ ಅದೇ ಖೋಲಿಯಲ್ಲಿ ಕೂತು ಬರೆಯುತ್ತಿದ್ದಳು. ಬ್ಯಾಟರಿಯಿಂದ ಕುಕ್ಕರ್ ಸೀಟಿ ಬರುವ ಮೊದಲು ಬರುವಂಥ ಸಪ್ಪಳ ಬಂತು. ಆಮೇಲೆ ಬಿಳಿ ಹೊಗೆ, ಗಂಟಲು ಹಿಡಿಯುವ ಘಾಟು. ರೇಣುಕಾ ಮಗಳನ್ನು ಹೊರಗೆ ದಬ್ಬಿ, ಹಸಿ ಗೋಣಿಚೀಲ ಹಾಕಿ ಬ್ಯಾಟರಿಯನ್ನು ಎಳೆದುಕೊಂಡು ಹೊಸ್ತಿಲು ದಾಟಿಸಿದಳು. ದಾಟಿಸುವಾಗ ಬೆಂಕಿ ಎದ್ದು ಎಡಗೈ ಹಿಡಿಯಿತು. ಮುಂಗೈಯಿಂದ ಮೊಣಕೈ ತನಕ. ಆ ಚರ್ಮ ಇವತ್ತಿಗೂ ಒಲೆಯ ಮುಂದೆ ಬಿಗಿಯುತ್ತದೆ, ಆಕೆ ನಡುನಡುವೆ ಎದ್ದು ಕೈಗೆ ನೀರು ಹಾಕಿಕೊಂಡು ಬರುತ್ತಾಳೆ.

ನಾನು ಏನು ಮಾಡಿದೆ — ಗೋಡೆಯಿಂದ ಪ್ಲಗ್ ಕಿತ್ತೆ. ಚಾರ್ಜರ್ ಕೈಯಲ್ಲಿ ಉಳಿಯಿತು, ಒಂದು ಕಲೆಯೂ ಇಲ್ಲದೆ. ಅದನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತೆ. ಗಾಬರಿಯಲ್ಲಿ ಕೈ ತಾನಾಗಿ ಮಾಡಿತು ಅಂತ ಇಲ್ಲಿ ಬರೆಯಬೇಕು ಅನಿಸಿತು. ಸುಳ್ಳು. ಸೊಸೆ ಹೊರಗೆ ಒದರುತ್ತಿದ್ದಳು, ನಾನು ಒಳಗೆ ಯಾವ ಡಬ್ಬಿ ಅಂತ ವಿಚಾರ ಮಾಡಿದೆ.

ಮರುದಿನ ಮಹಾದೇವಿ ಬಾಗಿಲಿಗೆ ಬಂದಳು. ಗಲ್ಲಿ ಪೂರ್ತಿ ನೆರೆದಿತ್ತು.

"ಅತ್ತಿ, ಚಾರ್ಜರ್ ಒಮ್ಮೆ ತೋರಸ್ರಿ. ನಂದಾಗಿದ್ರ ತಪ್ಪು ನಂದೇ ಅಂತ ಒಪ್ಕೋತೀನಿ. ನನ್ನ ಗಂಟು ನನಗ ಗೊತ್ತಾಗ್ತದ."

"ಸುಟ್ಟು ಹೋತು," ಅಂದೆ.

ಎರಡೇ ಶಬ್ದ. ಉಳಿದದ್ದನ್ನು ಮಗ ಹೇಳಿದ — ನಾ ದಿನಾ ನೋಡೀನಿ, ಈಕಿದೇ ಹಸಿರು ದಾರ ಇತ್ತು ಅದಕ್ಕ. ಅವನು ಕಂಡದ್ದನ್ನೇ ಹೇಳಿದ. ಮಹಾದೇವಿ ಅವನ ಕಡೆ ನೋಡಲಿಲ್ಲ. ನಮ್ಮ ಗೋಡೆಯನ್ನು ಒಂದು ಗಳಿಗೆ ನೋಡಿದಳು, ನನ್ನನ್ನು ನೋಡಿದಳು, ಹೋದಳು.

ಆಮೇಲೆ ಗಿರಾಕಿಗಳು ಒಬ್ಬೊಬ್ಬರೇ ಹೋಗಿ ಆಕೆಯ ಮುಂದೆಯೇ ದಾರ ಕತ್ತರಿಸಿ ಒಗೆದು ಬಂದರು. ಕೆಂಪು, ಹಳದಿ, ನೀಲಿ. ಮೆಟ್ಟಿಲ ಕೆಳಗೆ ಕಸವಾಗಿ ಬಿದ್ದಿದ್ದವು. ಆಕೆಯೇ ಗುಡಿಸಿದಳು. ನಾನು ನಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ನೋಡಿದೆ. ಎರಡು ತಿಂಗಳಿಗೆ ಮೇಜು ಎತ್ತಿದಳು, ಗಲ್ಲಿಯ ಮನೆಯೂ ಬಿಟ್ಟಳು.

ಚಾರ್ಜರನ್ನು ಕಾಲುವೆಗೆ ಒಗೆಯಬಹುದಿತ್ತು. ಒಗೆಯಲಿಲ್ಲ. ಹಿಟ್ಟಿನ ಡಬ್ಬಿಯಿಂದ ಟ್ರಂಕಿಗೆ ಹೋಯಿತು, ಅಷ್ಟೇ.

ಮೊನ್ನೆ ಭಾಗ್ಯಾ ಕಾಲೇಜಿಗೆ ಓಡಾಡಲು ಹಳೆಯ ಬ್ಯಾಟರಿ ಸ್ಕೂಟರ್ ಒಂದನ್ನು ತಂದಳು. ಚಾರ್ಜರನ್ನು ರಸ್ತೆ ಬದಿಯಲ್ಲಿ ಕೊಂಡಿದ್ದಳು. "ಪಿನ್ ಕೂಡತದ ಆಯಿ, ಸಾಕಲ್ಲ," ಅಂದಳು. ನಾನು ಕೈಯಿಂದ ಕಸಿದು ಬೆನ್ನು ತಿರುಗಿಸಿದೆ. ನಲವತ್ತೆಂಟನ್ನು ನಂಬಬೇಡ, ಹೊರಗೆ ಎಷ್ಟು ಕೊಡುತ್ತದೆ ನೋಡು, ಲಿಥಿಯಂ ಅಂತ ಬರೆದಿದೆಯಾ ನೋಡು, ಕೈಯಲ್ಲಿ ತೂಗು, ಮೇಲೆ ಬಟ್ಟೆ ಹಾಕಬೇಡ — ಒಂದೇ ಉಸುರಿನಲ್ಲಿ ಹೇಳಿದೆ.

"ಇಷ್ಟೆಲ್ಲಾ ನಿನಗ ಯಾರು ಕಲಿಸ್ಯಾರ?"

ರೇಣುಕಾ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಿದಳು. ಯಾರೂ ಇಲ್ಲ ಅನ್ನಲು ಬಾಯಿ ತೆರೆದಿದ್ದೆ. ಆ ಕೈ ಕಂಡಿತು. ಮಹಾದೇವಿ ಕಲಿಸಿದ್ದು, ಅಂದೆ. ಉಳಿದದ್ದನ್ನೂ ಅಂದೆ, ಟ್ರಂಕು ತೆಗೆದು ಮುಂದಿಟ್ಟು. ರೇಣುಕಾ ಹಿಟ್ಟು ಮುಗಿಸಿದಳು. ಆ ದಿನದಿಂದ ನನ್ನ ರೊಟ್ಟಿ ಕಲ್ಲು ಬೇರೆ, ಆಕೆಯದು ಬೇರೆ. ಮಗ ಮಾತು ಬಿಟ್ಟಿದ್ದಾನೆ. ಸರಿಯೇ ಇದೆ.

ಮಹಾದೇವಿ ಈಗ ಸ್ವಾರಗೇಟ ಹತ್ತಿರ ಒಂದು ಅಂಗಡಿಯಲ್ಲಿ ಮೊಬೈಲಿಗೆ ಹಾಕುವ ಕವರು ಮಾರುತ್ತಾಳೆ ಅಂತ ಭಾಗ್ಯಾ ಹುಡುಕಿ ಹೇಳಿದಳು. ಹೋದೆ. ರೊಟ್ಟಿ ಅರಿವೆಯಲ್ಲಿ ಸುತ್ತಿದ್ದ ಚಾರ್ಜರನ್ನು ಕವರುಗಳ ನಡುವೆ ಇಟ್ಟೆ. ಆಕೆ ಬೆನ್ನಿನ ಬರಹ ನೋಡಲಿಲ್ಲ. ಮೊದಲು ದಾರ ಹಿಡಿದಳು.

"ಈ ಗಂಟು ನಂದಲ್ಲ."

"ಅಲ್ಲ," ಅಂದೆ.

"ಗೊತ್ತಿತ್ತ್ರಿ. ಚಾರ್ಜರ್ ಸುಟ್ಟು ಹೋಗಿದ್ರ ಗ್ವಾಡಿ ಪ್ಲಗ್ಗೂ ಕರಗಬೇಕಿತ್ತು. ನಿಮ್ಮ ಗ್ವಾಡಿ ಬೆಳ್ಳಗ ಇತ್ತು."

"ಆವತ್ತ ಅನ್ನಬೇಕಿತ್ತು."

"ಯಾರ ಮುಂದ ಅನ್ನಲಿ? ನೀವು ಹಿರ್ಯಾರು. ನಾ ಮೆಟ್ಟಲ ಬುಡಕಿನಾಕಿ." ಚಾರ್ಜರನ್ನು ನನ್ನ ಕಡೆ ಸರಿಸಿದಳು. "ನನಗ ಹೇಳಾಕ ಯಾಕ ಬಂದ್ರಿ ಅತ್ತಿ? ನನಗ ಗೊತ್ತದ. ಗೊತ್ತಿಲ್ಲದವರಿಗಿ ಹೇಳ್ರಿ."

ಒಬ್ಬ ಗಿರಾಕಿ ಬಂದ. ಆಕೆ ಅವನಿಗೆ ಕವರು ತೋರಿಸತೊಡಗಿದಳು. ನಾನು ಚಾರ್ಜರನ್ನು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡೆ. ಆಕೆ ತಿರುಗಲಿಲ್ಲ. ಬಸ್ಸು ಹಿಡಿದೆ.

ಅದಕ್ಕೇ ಇದನ್ನು ಬರೆದದ್ದು. ಕ್ಷಮೆ ಕೇಳಿಲ್ಲ, ಕೇಳಿದರೆ ಕೊಡುವ ಕೆಲಸವೂ ಆಕೆಯ ತಲೆಗೇ ಬೀಳುತ್ತದೆ. ಚಾರ್ಜರನ್ನು ಮತ್ತೆ ಟ್ರಂಕಿಗೆ ಹಾಕಿಲ್ಲ. ಹೊರಬಾಗಿಲ ಪಕ್ಕದ ಗೂಟಕ್ಕೆ ಅದರದೇ ವಯರಿನಿಂದ ತೂಗುಹಾಕಿದ್ದೇನೆ, ಹಸಿರು ದಾರ ಕಾಣುವ ಹಾಗೆ. ರೊಟ್ಟಿ ಒಯ್ಯಲು ಬಂದವರು ನೋಡುತ್ತಾರೆ. ಇದೇನು ಗುರವ್ವ, ಇಲ್ಲಿ ಯಾಕ ಹಾಕಿ, ಅಂತ ಕೇಳುತ್ತಾರೆ.

ಇದು ಸುಟ್ಟು ಹೋಗಿರಲಿಲ್ಲ, ಅಂತ ಶುರು ಮಾಡುತ್ತೇನೆ.