ಬತ್ತಿದ ಬೋರಿಗೆ ಮುಚ್ಚಳ

ಬರದ ವರ್ಷ. ಔರಾದ್ ಹತ್ತಿರದ ಹಳ್ಳಿಯ ಒಂದು ಮನೆಯವರು ಅಂದೇ ಹೈದರಾಬಾದಿಗೆ ದುಡಿಯಲು ಹೊರಟಿದ್ದರು. ಹೊಲದ ಬತ್ತಿದ ಬೋರ್‌ವೆಲ್ ಬಾಯಿ ಮುಚ್ಚದೆ ಹೋಗುವಂತಿರಲಿಲ್ಲ, ಊರ ಮಕ್ಕಳು ಅಲ್ಲೇ ಆಡುತ್ತಿದ್ದವು. ಅದಕ್ಕೆ ಕಬ್ಬಿಣದ ಮುಚ್ಚಳ ಬೆಸೆಯಲು ಬಂದ ವೆಲ್ಡಿಂಗ್ ಕಾಕಾನ ಹಳೆಯ ಡೀಸೆಲ್ ಜನರೇಟರ್ ಓಡುತ್ತಿತ್ತು, ಆದರೆ ಕರೆಂಟ್ ಬರುತ್ತಿರಲಿಲ್ಲ. ಇಲಿ ಕಡಿದ ವೈರುಗಳೆಲ್ಲ ಮಸಿ ಹಿಡಿದು ಒಂದೇ ಬಣ್ಣವಾಗಿದ್ದವು.

“ಮೇಡಮ್ಮರ, ಈ ವೈರಿಂಗಿನ ಇಂಗ್ಲಿಷ್ ನಕ್ಷಾ ನೀವರೆ ಓದ್ರಿ,” ಎಂದ ಕಾಕಾ. ಬರದ ಸರ್ವೆಗೆ ಬಂದಿದ್ದ ನಾನು ಮೆಲ್ಲಗೆ ಓದಿ ಹೇಳಿದೆ. ಕಾಕಾ ಎಂಜಿನ್ ಆರಿಸಿ, ಪ್ರತಿ ವೈರಿನ ಎರಡೂ ತುದಿ ಹುಡುಕಿ, ಗುರುತಿಗೆ ದಾರ ಕಟ್ಟಿ ಜೋಡಿಸಿದ. ಮತ್ತೆ ಚಾಲೂ ಮಾಡಿದಾಗ ವೆಲ್ಡಿಂಗ್ ಕಡ್ಡಿಯ ತುದಿಯಲ್ಲಿ ಕಿಡಿ ಹಾರಿತು. ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ.

ಬಟ್ಟೆಗಂಟಿನ ಮೇಲೆ ಕೂತಿದ್ದ ಆ ಮನೆಯ ಸೊಸೆ ಎದ್ದಳು. “ಒಂದರೆ ವೈರ್ ತಪ್ಪು ಓದಬಾರದಿತ್ತೇನ್ರಿ ಅಕ್ಕಾ? ಇವತ್ತೊಂದಿನ ಮನ್ಯಾಗ ಮಲಗ್ತಿದ್ದೆವು.”

ಇಂಗ್ಲಿಷ್ ಸರಿಯಾಗಿ ಓದಿದ್ದಕ್ಕೆ ಶಾಲೆಯಲ್ಲಿ ಯಾರೂ ನನ್ನನ್ನು ಬೈದಿರಲಿಲ್ಲ.