ನೊರೆ ಬಾರದ ಕೊಳವೆ

ಸೀಸೆಯಕ್ಕ ಮಂಗಳವಾರ ಸಂಜೆ ತೀರಿಕೊಂಡಳು. ಎದೆನೋವು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತೇಳು ವರ್ಷ.

ತೈಲ ಕಂಪನಿಯ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಜಿನ ಕೊಳವೆಗಳ ನಡುವೆ ಸವೆದದ್ದಕ್ಕೆ ಆ ಅಡ್ಡಹೆಸರು. ಎಣ್ಣೆಬಾವಿಗೆ ನೀರು ನುಗ್ಗಿಸಿ ಎಣ್ಣೆ ತಳ್ಳುವಾಗ, ನೀರು ಬಂಡೆಯ ಅಗಲ ಬಿರುಕುಗಳಲ್ಲೇ ಹರಿದುಹೋಗುತ್ತದೆ. ಸಣ್ಣ ಸಂದುಗಳ ಎಣ್ಣೆ ಅಲ್ಲೇ ಉಳಿಯುತ್ತದೆ. ಅದಕ್ಕೇ ನೀರು ಕುಡಿದು ಉಬ್ಬುವ ಜೆಲ್ ಕಾಳುಗಳನ್ನು ಕಳಿಸಿ ಬಿರುಕು ಮುಚ್ಚುತ್ತಾರೆ. ಬಂಡೆಗಂಟಿದ ಎಣ್ಣೆ ಬಿಡಿಸಲು ಸೋಪಿನಂಥ ದ್ರಾವಣ ಬೇರೆ. ಎರಡೂ ಕೂಡಿದರೆ ಕಾಳು ಉಬ್ಬಿಯೇ ಇರುತ್ತದೋ, ಕುಗ್ಗುತ್ತದೋ? ಒಂದು ಕೊಳವೆಯಲ್ಲಿ ಬರೀ ಉಪ್ಪುನೀರು, ಇನ್ನೊಂದರಲ್ಲಿ ಸೋಪು ಇಟ್ಟು ಅದನ್ನು ಅಳೆಯುವುದು ಅವಳ ಕೆಲಸ.

ಹೋದ ತಿಂಗಳು ಎರಡೂ ಕೊಳವೆಯ ಕಾಳುಗಳು ಸರಿಸಮ ಬಂದವು. ತೊಂದರೆಯಿಲ್ಲವೆಂದು ಸಹಿ ಹಾಕಿದಳು. ಈ ಬುಧವಾರ ಕಾಳು, ಸೋಪು ಎರಡನ್ನೂ ಒಟ್ಟಿಗೇ ಬಾವಿಗಿಳಿಸುವುದೆಂದು ನಿಶ್ಚಯವಾಯಿತು.

ಸೋಮವಾರ ಬೆಳಿಗ್ಗೆ ಹಳೆಯ ಅಳತೆಗಳನ್ನು ತಿರುವುತ್ತಿದ್ದವಳು ಹೋದ ತಿಂಗಳ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದಳು. ಉಪ್ಪುನೀರಿನ ಕಾಳೂ ಎಂದಿಗಿಂತ ಸಣ್ಣ! ಸೋಪು ಎರಡನ್ನೂ ಕುಗ್ಗಿಸಿತ್ತು. ತೊಳೆದ ಕೊಳವೆಗೆ ಶುದ್ಧ ನೀರು ಹಾಕಿ ಕುಲುಕಿ, ನೊರೆ ಬಾರದಿದ್ದರೆ ಮಾತ್ರ ಕವುಚಿಡುವುದು ಅವಳದೇ ಪದ್ಧತಿ. ಮನೆಯ ಲೋಟವನ್ನೂ ಹಾಗೇ ಕುಲುಕುತ್ತಾಳೆಂದು ಗಂಡ ಛೇಡಿಸುತ್ತಿದ್ದ. ಆ ವಾರ ಮಾತ್ರ ಮಂಡಿನೋವಿಗೆ ನಿಲ್ಲಲಾರದೆ, ಹಿಂದೆ ಸೋಪು ತುಂಬಿದ್ದ ಕೊಳವೆಗಳನ್ನು ಎರಡೇ ಸಲ ಜಾಲಿಸಿ, ಅದರಲ್ಲೇ ಉಪ್ಪುನೀರು ಹಾಕಿಬಿಟ್ಟಿದ್ದಳು.

"ಸುಮ್ನಿರಕ್ಕ, ಬಾವಿಯೊಳಗೆ ಇಣುಕಿ ನೋಡೋರು ಯಾರು?" ಎಂದ ಪಕ್ಕದ ಮೇಜಿನಲ್ಲಿ ತೂಕ ಮಾಡುವವನು.

"ಕಾಳು ನೋಡತ್ತಲ್ಲೋ."

"ಕಾಳಿಗೆ ಬಾಯಿಲ್ಲ."

"ನನಗಿದೆ. ಅದೇ ಕಷ್ಟ."

ಹೊಸ ಕೊಳವೆಗಳಲ್ಲಿ ಕಾಳುಗಳನ್ನು ಮತ್ತೆ ಇಟ್ಟಳು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಸೋಪಿನ ಕಾಳು ಮೂರರಲ್ಲೊಂದು ಪಾಲು ಕುಗ್ಗಿತ್ತು. ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದಳು.

"ಏನಮ್ಮಾ, ಇಷ್ಟು ವರ್ಷ ಬಿಟ್ಟು ಈಗ ಕೈ ಕೊಡಬೇಕಿತ್ತಾ?"

"ಕೈಯಲ್ಲ ಸಾರ್, ಮಂಡಿ."

ಅವರು ನಗಲಿಲ್ಲ. ಬಾವಿಯವರಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದರು. ಹೊರಬಂದವಳ ಮುಖದಲ್ಲಿ ನೆಮ್ಮದಿಯೂ ಇರಲಿಲ್ಲ, ಬರೀ ಆಯಾಸ.

"ಮನೆಗೆ ಹೋಗಕ್ಕ, ನಾನು ತೊಳೀತೀನಿ," ಎಂದ ಪಕ್ಕದ ಮೇಜಿನವನು.

"ನೀನು ತೊಳೆದ್ರೆ ನಾನು ಮತ್ತೆ ತೊಳೀಬೇಕು."

ಸ್ಟೂಲು ಎಳೆದುಕೊಂಡು ನಲ್ಲಿಯ ಮುಂದೆ ಕೂತಳು. ಕೊನೆಯ ಕೊಳವೆಯಲ್ಲಿ ಮೂರು ಸಲವೂ ನೊರೆ ಬಂತು. ನಾಲ್ಕನೆಯ ಸಲ ಕುಲುಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ನೀರು ಸುಮ್ಮನಿತ್ತು. ಚೆಲ್ಲಿ, ಕವುಚಿಟ್ಟಳು.