ಅಕ್ಕನಿಗೆ ಕಲಿಸುವವರು ಬೇಕಾಗಿತ್ತು

ನನ್ನ ಅಕ್ಕನ ಕೈಯ ರೊಟ್ಟಿ ತಿನ್ನದವರು ಇಳಕಲ್ಲಿನಲ್ಲಿ ಕಡಿಮೆ. ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತೈದು ವರ್ಷ ಖಾನಾವಳಿ ನಡೆಸಿದವಳು. ಸೀರೆ ಕೊಳ್ಳಲು ಬಂದ ವ್ಯಾಪಾರಿಗಳು, ಕಲ್ಲು ಸಾಗಿಸುವ ಲಾರಿಯವರು, ಹುನಗುಂದದಿಂದ ದಿನವೂ ಕೆಲಸಕ್ಕೆ ಬಂದು ಹೋಗುವವರು ಎಲ್ಲರೂ ಅವಳ ಗಿರಾಕಿಗಳು. ಈಗ ಖಾನಾವಳಿಯನ್ನು ಮಗ, ಸೊಸೆ ನೋಡಿಕೊಳ್ಳುತ್ತಾರೆ. ಆದರೂ ಓಣಿಯಲ್ಲಿ ಯಾರ ಮನೆಯ ಹೂರಣ ನೀರಾದರೂ ಅವರು ಓಡಿ ಬರುವುದು ಅವಳ ಹತ್ತಿರವೇ. ನಾನು ಅವಳಿಗಿಂತ ಏಳು ವರ್ಷ ಚಿಕ್ಕವಳು. ಬಾದಾಮಿಯ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅನ್ನಕ್ಕೆ ಎಷ್ಟು ನೀರಿಡಬೇಕೆಂಬ ಅಂದಾಜು ನನಗೆ ಇಂದಿಗೂ ಇಲ್ಲ. ಅಡುಗೆ ಕಲಿಯಲು ಪರದೇಶಕ್ಕೆ ಹೋಗಬೇಕಾದವಳು ನಿಜಕ್ಕೂ ನಾನು. ಆಸೆಪಟ್ಟವಳು ಅವಳು.

ಅದು ಶುರುವಾದದ್ದು ನನ್ನ ಮನೆಯಲ್ಲಿ, ನನ್ನ ಫೋನಿನಲ್ಲಿ. ಅಕ್ಕ ನಾಲ್ಕು ದಿನ ಇರಲೆಂದು ಬಾದಾಮಿಗೆ ಬಂದಿದ್ದಳು. ಯಾವುದೋ ದೇಶದ ಮುದುಕಿಯೊಬ್ಬಳು ತನ್ನ ಅಡುಗೆಮನೆಯಲ್ಲಿ ಪ್ರವಾಸಿಗಳನ್ನು ನಿಲ್ಲಿಸಿಕೊಂಡು ಹಿಟ್ಟು ನಾದಲು ಕಲಿಸುವ ವಿಡಿಯೋ ಬಂತು. ನಾನು ಮುಂದಕ್ಕೆ ತಳ್ಳಲು ಹೋದರೆ ಅಕ್ಕ ಕೈ ಹಿಡಿದಳು. ಮೂರು ಸಲ ನೋಡಿದಳು.

"ಆಕಿ ನೋಡು, ಹೆಂಗ ಬಾಜೂಕ ನಿಂತು ಹೇಳಿಕೊಡಾಕತ್ತಾಳ," ಅಂದಳು. "ನಂಗ ಯಾರೂ ಹಂಗ ಕಲಿಸಲಿಲ್ಲ ನೋಡು."

ಅವ್ವ ತೀರಿಕೊಂಡಾಗ ಅಕ್ಕನಿಗೆ ಹನ್ನೊಂದು ವರ್ಷ, ನನಗೆ ನಾಲ್ಕು. ಅಪ್ಪ ಮಗ್ಗದ ಮುಂದೆ ಕೂತರೆ ಏಳುತ್ತಿರಲಿಲ್ಲ. ಮರುವಾರದಿಂದಲೇ ಒಲೆ ಅಕ್ಕನ ಪಾಲಿಗೆ ಬಂತು. ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಆ ಮನೆಯವರು ರೊಟ್ಟಿ ಬಡಿಯುವುದನ್ನು ನೋಡುವುದು, ಓಡಿ ಬಂದು ತಾನು ಬಡಿಯುವುದು, ಅದು ಹರಿಯುವುದು, ಮತ್ತೆ ಓಡುವುದು. ಹಾಗೆ ಕಲಿತಳು. ಅವಳ ಬಲಗೈಯ ಮೇಲಿನ ಸುಟ್ಟ ಕಲೆಗಳನ್ನು ಎಣಿಸುತ್ತ ನಾನು ಅಂಕಿ ಕಲಿತೆ. ಸಾಲಿ ಬಿಟ್ಟವಳು ಅವಳು, ಮಾಸ್ತರಾದವಳು ನಾನು. ಈ ಮಾತು ನಮ್ಮಿಬ್ಬರ ನಡುವೆ ಎಂದೂ ಬಂದಿಲ್ಲ, ಆದರೆ ನಾನು ಮರೆತ ದಿನವೂ ಇಲ್ಲ.

"ಹಂಗಾರ ಹೋಗೂಣ ನಡಿ, ಎಲ್ಲೆರ ಕಲಿ," ಅಂದೆ.

"ಇಲ್ಲೆ ನಂಗ ಯಾರು ಕಲಸ್ತಾರ ತಂಗಿ? ಎಲ್ಲಾರೂ ನನ್ನ ಕೇಳಾಕ ಬರ್ತಾರ."

ಖರೆ ಮಾತು. ಬಾಗಲಕೋಟೆಯಿಂದ ಹುನಗುಂದದವರೆಗೆ ಅಕ್ಕನಿಗೆ "ಹಿಂಗಲ್ಲ, ಹಿಂಗ" ಎಂದು ಹೇಳುವ ಧೈರ್ಯ ಯಾರಿಗಿದೆ? ಅವಳನ್ನು ಅರಿಯದವರ ಊರಿಗೇ ಹೋಗಬೇಕು. ಪಿಂಚಣಿ ಬಂದ ಮೇಲೆ ನನಗೆ ಕೆಲಸವಿರಲಿಲ್ಲ, ಹಟ ಇತ್ತು. ಎರಡು ತಿಂಗಳು ಫೋನು ಕೆಳಗಿಡಲಿಲ್ಲ.

ಇಟಲಿಯಲ್ಲಿ ಒಂದು ವಾರ ಅಡುಗೆ ಕಲಿಸಲು ಕೇಳುವ ಹಣಕ್ಕೆ ನನ್ನ ಮನೆಯ ಮೇಲೆ ಇನ್ನೊಂದು ಅಂತಸ್ತು ಏರುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆ. ಬಾಗಲಕೋಟೆಯ ಒಬ್ಬ ಟೂರ್ ಏಜೆಂಟನ ಹತ್ತಿರ ಹೋದೆ. "ಮೇಡಂ, ಎಂಟ ದಿನದಾಗ ಮೂರ ದೇಶ ತೋರಸ್ತೀವ್ರಿ, ಅದರಾಗ ಅಡಗಿ ಕ್ಲಾಸೂ ಐತ್ರಿ," ಅಂದ. ಕ್ಲಾಸು ಎಷ್ಟು ಹೊತ್ತು ಎಂದು ಕೇಳಿದೆ. "ಒಂದ ತಾಸ್ರಿ, ಭಾಳಂದ್ರ." ಒಂದು ತಾಸಿನಲ್ಲಿ ನಮ್ಮ ಮನೆಯಲ್ಲಿ ಸೊಪ್ಪು ಸೋಸುವುದೂ ಮುಗಿಯುವುದಿಲ್ಲ. ಅಂದು ಬಸ್ಸಿನಲ್ಲಿ ಬರುತ್ತ ನನಗೆ ಹೊಳೆಯಿತು: ನಡುವಿನವರನ್ನು ಬಿಡಬೇಕು, ಕಲಿಸುವವರ ಮನೆಗೇ ನೇರವಾಗಿ ಬರೆಯಬೇಕು, ಅವರಲ್ಲೇ ಉಳಿಯಲು ಕೋಣೆ ಇದ್ದರೆ ಹೋಟೆಲ್ಲಿನ ಖರ್ಚೂ ಇಲ್ಲ. ಇನ್ನು ಆಷಾಢದಲ್ಲಿ ಹೋಗಬೇಕು. ನಮ್ಮಲ್ಲಿ ಮದುವೆಗಳಿಲ್ಲದ್ದರಿಂದ ಖಾನಾವಳಿಗೆ ಅಕ್ಕ ಬೇಕಾಗುವುದಿಲ್ಲ, ಪೂರ್ವದ ದೇಶಗಳಲ್ಲಿ ಮಳೆಗಾಲವಾದ್ದರಿಂದ ಪ್ರವಾಸಿಗಳು ಕಡಿಮೆ, ವಿಮಾನವೂ ಅಗ್ಗ.

ಹಾಗೆ ಸಿಕ್ಕವಳು ಥಾಯ್ಲೆಂಡಿನ ಉತ್ತರದ ಊರೊಂದರ ಹೆಂಗಸು. ಅಕ್ಕನ ವಾರಿಗೆಯವಳೇ. ತನ್ನ ಮನೆಯ ಅಡುಗೆಮನೆಯಲ್ಲಿ ಎರಡು ದಿನ ಸಸ್ಯಾಹಾರದ ಅಡುಗೆ ಕಲಿಸುತ್ತಾಳೆ, ಮಾಳಿಗೆಯ ಮೇಲೆ ಕೋಣೆ ಕೊಡುತ್ತಾಳೆ. ಅವಳು ಹೇಳಿದ ಮೊತ್ತಕ್ಕೆ ನನ್ನ ಪಿಂಚಣಿ ಅಂಜಲಿಲ್ಲ. ಒಂದೇ ಅಳುಕಿತ್ತು. ಅಕ್ಕ ಲಿಂಗಪೂಜೆಯಿಲ್ಲದೆ ಬಾಯಿಗೆ ನೀರು ಹಾಕದವಳು, ಆ ದೇಶದಲ್ಲಿ ಎಲ್ಲದಕ್ಕೂ ಮೀನಿನ ರಸ ಬೀಳುತ್ತದಂತೆ. ಮೀನು ಹಾಕುವುದಿಲ್ಲವಲ್ಲ ಎಂದು ಮೂರು ಸಲ ಬರೆದೆ. ಮೂರು ಸಲವೂ ಇಲ್ಲ ಎಂದು ಬರೆದಳು, ಮೂರನೆಯ ಸಲ ತಾನು ಹಾಕುವ ಸೋಯಾ ಬಾಟಲಿಯ ಫೋಟೋ ಕಳಿಸಿದಳು. ಅಕ್ಕ ಅದನ್ನೂ ನಂಬದೆ ಚೀಲದ ತುಂಬ ತಿಂಗಳಿಟ್ಟರೂ ಕೆಡದ ಕಟಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಳು.

ತಪ್ಪು ಮಾಡಿದ್ದು ನಾನು. ಮೊದಲ ದಿನ ಬೆಳಿಗ್ಗೆಯೇ ಮಾಡಿದೆ.

ನಮ್ಮ ಕಡೆ ಯಾರನ್ನಾದರೂ ಪರಿಚಯಿಸುವುದೆಂದರೆ ಸನ್ಮಾನ ಮಾಡಿದ ಹಾಗೆಯೇ. ಸಾಲಿಯ ಪ್ರತಿ ಕಾರ್ಯಕ್ರಮದಲ್ಲೂ ಅತಿಥಿಗಳ ಪರಿಚಯ ನನ್ನ ಪಾಲಿಗೆ ಬರುತ್ತಿತ್ತು, ನಾನು ಯಾರನ್ನೂ ಸಣ್ಣವರಾಗಿ ಉಳಿಯಲು ಬಿಟ್ಟಿಲ್ಲ. ಚೀಲದಲ್ಲಿ ಒಂದು ಶಾಲು ಒಯ್ದಿದ್ದೆ. ಅದನ್ನು ಆ ಹೆಂಗಸಿಗೆ ಹೊದಿಸಿದೆ. ಅವಳು ಕೈಮುಗಿದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಕ್ಕನ ಹೆಗಲ ಮೇಲೆ ಕೈಯಿಟ್ಟು, ಇವಳು ಮೂವತ್ತೈದು ವರ್ಷ ಸಾವಿರಾರು ಜನರಿಗೆ ಉಣಿಸಿದವಳು, ನಮ್ಮ ಜಿಲ್ಲೆಯಲ್ಲಿ ಇವಳನ್ನು ಮೀರಿಸುವವರಿಲ್ಲ ಎಂದು ನನ್ನ ಮಾಸ್ತರಿಕೆಯ ಇಂಗ್ಲಿಷಿನಲ್ಲಿ ಕೊರೆದೆ. ಕಲಿಯಲು ಬಂದಿದ್ದ ಇನ್ನೂ ಐವರು ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಆ ಹೆಂಗಸು ಶಾಲು ಹೊದಿಸಿದ ನನಗಿಂತಲೂ ಅಕ್ಕನಿಗೆ ಹೆಚ್ಚಾಗಿ ಬಾಗಿ ವಂದಿಸಿದಳು.

ಆಮೇಲೆ ಇಡೀ ದಿನ ಅವಳು ಅಕ್ಕನಿಗೆ ಏನನ್ನೂ ಹೇಳಿಕೊಡಲಿಲ್ಲ. ಉಳಿದವರ ಚಾಕು ಹಿಡಿತ ತಿದ್ದಿದಳು, ಅಕ್ಕನ ಹತ್ತಿರ ಬಂದರೆ ಕೈಮುಗಿದು ಮುಂದೆ ಹೋದಳು. ಹಸಿಮೆಣಸಿನಕಾಯಿಯ ಮಸಾಲೆ ಕುಟ್ಟುವ ಹೊತ್ತಿಗೆ ಕಲ್ಲಿನ ಕುಟ್ಟಾಣಿಯನ್ನು ಅಕ್ಕನ ಮುಂದಿಟ್ಟು, ಎಲ್ಲರಿಗೂ ನೀವೇ ತೋರಿಸಿ ಎಂದಳು. ಅಕ್ಕ ಕುಟ್ಟಿದಳು. ಊಟದ ಹೊತ್ತಿಗೆ ನೋಡಿದರೆ ಅಕ್ಕ ಕೂತಿರಲಿಲ್ಲ, ಸೌಟು ಹಿಡಿದು ಐವರಿಗೂ ಬಡಿಸುತ್ತಿದ್ದಳು. ನಾನು ಹೆಮ್ಮೆಯಿಂದ ಫೋಟೋ ತೆಗೆದೆ.

ಸಂಜೆ ಕೋಣೆಯಲ್ಲಿ ಅಕ್ಕ ಮಂಚದ ಮೇಲೆ ಕೂತು ಬಲ ಹೆಗಲು ತಿಕ್ಕಿಕೊಳ್ಳುತ್ತಿದ್ದಳು. ರೊಟ್ಟಿ ಬಡಿದು ಬಡಿದು ಸವೆದ ಹೆಗಲು ಅದು.

"ಯಾಕ ಅಕ್ಕಾ, ಬ್ಯಾಸರಾತೇನು?"

"ಮಂದಿಗೆ ನೀಡೂದು ಇಳಕಲ್ಲದಾಗೂ ಇತ್ತು. ಇದಕ್ಕ ಇಷ್ಟ ದೂರ ಬರಬೇಕಿತ್ತೇನು?" ಹೆಗಲಿನಿಂದ ಕೈ ತೆಗೆದಳು. "ಆಕಿ ಎಲ್ಲಾರಿಗೂ ಹೇಳಿಕೊಟ್ಟಳು. ನಂಗಷ್ಟ ಏನೂ ಹೇಳಲಿಲ್ಲ. ನೀ ಆಕಿಗೆ ನನ್ನ ಬಗ್ಗೆ ಏನ ಹೇಳೀದಿ?"

ಹೇಳಿದ್ದನ್ನೆಲ್ಲ ಹೇಳಿದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನೀ ಯಾವಾಗ ನೋಡಿದ್ರೂ ನಂಗ ಶಾಲ ಹೊದಸ್ತೀ ತಂಗಿ," ಎಂದು ಮಲಗಿದಳು. ಅವಳು ಬಂದದ್ದು ಬರೀ ಒಂದು ಕಾರಣಕ್ಕೆ, ಅದನ್ನೇ ನಾನು ಬಾಯಿಬಡುಕತನದಿಂದ ಹಾಳುಮಾಡಿದ್ದೆ. ಉಳಿದದ್ದು ಒಂದೇ ದಿನ.

ಬೆಳಿಗ್ಗೆ ಅಕ್ಕ ಪೂಜೆಗೆ ಕೂತಾಗ ನಾನು ಕೆಳಗಿಳಿದೆ. ಆ ಹೆಂಗಸು ಹಿತ್ತಲಲ್ಲಿ ಎಲೆ ಕೀಳುತ್ತಿದ್ದಳು. ನಿನ್ನೆ ನಾನು ಹೇಳಿದ್ದನ್ನು ಮರೆತುಬಿಡಿ ಎಂದೆ. ನಮ್ಮ ಅವ್ವ ಬೇಗ ತೀರಿಕೊಂಡಳು, ಅಕ್ಕನಿಗೆ ಯಾರೂ ಪಕ್ಕ ನಿಂತು ಕಲಿಸಿಲ್ಲ, ಅದಕ್ಕಾಗಿಯೇ ಇಲ್ಲಿಗೆ ಬಂದಿದ್ದೇವೆ ಎಂದೆ. ಸನ್ಮಾನಕ್ಕೆ ಒದಗುವ ನನ್ನ ಇಂಗ್ಲಿಷು ಇದಕ್ಕೆ ಒದಗಲಿಲ್ಲ, ತಡವರಿಸಿದೆ. ಅವ್ವ ಹೋದಾಗ ಅಕ್ಕನಿಗೆ ಎಷ್ಟು ವಯಸ್ಸು ಎಂದಷ್ಟೇ ಆ ಹೆಂಗಸು ಕೇಳಿದಳು. ಎರಡೂ ಕೈಯ ಬೆರಳು ತೋರಿಸಿ, ಮತ್ತೊಂದು ಬೆರಳೆತ್ತಿದೆ. ಅವಳು ಎಲೆಗಳನ್ನು ಬುಟ್ಟಿಗೆ ಹಾಕಿ ಒಳಗೆ ಹೋದಳು.

ಅಂದು ಅಕ್ಕನಿಗೆ ವಂದನೆ ಸಿಗಲಿಲ್ಲ. ಆ ಹೆಂಗಸು ಅವಳಿಗೆ ಎಲ್ಲರ ಕೊನೆಗೆ ಜಾಗ ಕೊಟ್ಟಳು. ಅಕ್ಕ ಕುಟ್ಟಾಣಿಯಲ್ಲಿ ನಾಲ್ಕು ಪೆಟ್ಟು ಹಾಕಿರಲಿಲ್ಲ, ಆಕೆ "ನೋ" ಎಂದು ಕುಟ್ಟುವ ಗುಂಡುಕಲ್ಲನ್ನು ಕಿತ್ತುಕೊಂಡಳು. ಅಕ್ಕ ನಮ್ಮ ಒರಳಿನ ರೂಢಿಯಂತೆ ನೆಟ್ಟಗೆ ಮೇಲಿಂದ ಕುಟ್ಟುತ್ತಿದ್ದಳು. ಅಲ್ಲಿಯದು ಓರೆ ಪೆಟ್ಟು, ಕುಟ್ಟಾಣಿಯ ಪಕ್ಕಕ್ಕೆ ತಾಗುವಂತೆ. ಅಕ್ಕ ಮತ್ತೆ ಕುಟ್ಟಿದಳು. ಮತ್ತೆ "ನೋ". ಮೂರನೆಯ ಸಲ ಆ ಹೆಂಗಸು ಅಷ್ಟೂ ಮಸಾಲೆಯನ್ನು ತೆಗೆದು ಬೇರೆ ಬಟ್ಟಲಿಗೆ ಹಾಕಿ, ಹೊಸದಾಗಿ ಎಲೆ, ಉಪ್ಪು, ಮೆಣಸಿನಕಾಯಿ ಇಟ್ಟಳು. ನಿನ್ನೆ ಚಪ್ಪಾಳೆ ತಟ್ಟಿದವರು ತಲೆ ತಗ್ಗಿಸಿದರು. ನನಗೂ ತಡೆಯಲಾಗಲಿಲ್ಲ, ಅಕ್ಕನ ಹೆಗಲು ನೋಯುತ್ತದೆ ಎನ್ನಲು ಎದ್ದೆ. ಆ ಹೆಂಗಸು ನನ್ನತ್ತ ಕೈ ತೋರಿಸಿ ಕೂರಿಸಿದಳು.

ಆಮೇಲೆ ಅಕ್ಕನ ಹಿಂದೆ ಬಂದು ನಿಂತಳು. ಸುಟ್ಟ ಕಲೆಗಳಿದ್ದ ಆ ಕೈಯ ಮಣಿಕಟ್ಟನ್ನು ತನ್ನ ಕೈಯಲ್ಲಿ ಹಿಡಿದು ನಿಧಾನವಾಗಿ ಓರೆಯಾಗಿ ಕುಟ್ಟಿಸಿದಳು. ಒಂದು, ಎರಡು, ಹತ್ತು ಪೆಟ್ಟು. ಅಕ್ಕನ ಹೆಗಲು ಮೇಲೇಳಲೇ ಇಲ್ಲ, ಬರೀ ಮಣಿಕಟ್ಟು ಆಡುತ್ತಿತ್ತು. ಕೈ ಬಿಟ್ಟಳು. ಅಕ್ಕ ಒಬ್ಬಳೇ ಕುಟ್ಟಿದಳು, ಎರಡನೆಯ ಪೆಟ್ಟಿಗೆ ಮತ್ತೆ ಹಳೆಯ ರೂಢಿಗೆ ಬಿದ್ದಳು. ಆ ಹೆಂಗಸು ಅಕ್ಕನ ಕೈಯ ಮೇಲೆ ಮೆಲ್ಲಗೆ ಒಂದು ಏಟು ಹಾಕಿ ಇಂಗ್ಲಿಷಿನಲ್ಲಿ ಏನೋ ಅಂದಳು.

ಅಕ್ಕ ನನ್ನ ಕಡೆ ತಿರುಗಿದಳು. ಅರವತ್ತೇಳರ ಮುಖದಲ್ಲಿ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಏನಂದಳ?"

"ತಪ್ಪಾತು, ಇನ್ನೊಮ್ಮಿ ಮಾಡು ಅಂದಳು."

"ಅವ್ವನೂ ಹಿಂಗ ಅಂತಿದ್ದಳು ಬಿಡು, ಇದ್ದಿದ್ದರ," ಎಂದು ಅಕ್ಕ ಗುಂಡುಕಲ್ಲಿಗೆ ಕೈ ಚಾಚಿದಳು.